ಬೆರಳಲ್ಲಿ ಅಂಕಿ, ಸ್ಥಾನದಲ್ಲಿ ಬೆಲೆ

ಜನವರಿ–ಫೆಬ್ರುವರಿಯಲ್ಲಿ ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ತಪ್ಪಲಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಎತ್ತುಗಳ ಸಾಲಿನ ನಡುವೆ ಇಬ್ಬರು ಎದುರುಬದುರು ನಿಂತು ಒಂದೇ ಟವೆಲ್ ಅಡಿಗೆ ಕೈ ಹಾಕಿದ್ದರೆ ಅಲ್ಲಿ ವ್ಯಾಪಾರ ನಡೆಯುತ್ತಿದೆ ಎಂದೇ ಅರ್ಥ. ದಳ್ಳಾಳಿ ಬೆರಳು ಹಿಡಿಯುತ್ತಾನೆ, ರೈತ ತಲೆಯಾಡಿಸುತ್ತಾನೆ, ಮತ್ತೆ ಬೆರಳು ಬದಲಾಗುತ್ತವೆ. ಸುತ್ತ ನಿಂತವರಿಗೆ ಬೆಲೆಯ ಸುಳಿವು ಸಿಗುವುದಿಲ್ಲ. ಬೆರಳಿನಲ್ಲಿ ‘ಏಳು’ ಎಂದರೆ ಏಳು ರೂಪಾಯಿಯಲ್ಲ, ಏಳು ಸಾವಿರವೂ ಅಲ್ಲ. ಜೋಡಿ ಚೆನ್ನಾಗಿದ್ದರೆ ಅದು ಎಪ್ಪತ್ತು ಸಾವಿರ. ಅದರ ಹಿಂದೆಯೇ ‘ಐದು’ ಬಂದರೆ ಅದು ಐದು ಸಾವಿರ. ಬೆರಳು ಹೇಳುವುದು ಅಂಕಿಯನ್ನು ಮಾತ್ರ. ಆ ಅಂಕಿ ಹತ್ತರ ಮನೆಯದೋ ಬಿಡಿಯ ಮನೆಯದೋ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ, ಅದಕ್ಕೇ ಮಾತಿಲ್ಲದೆ ವ್ಯವಹಾರ ಮುಗಿಯುತ್ತದೆ.

ಅಂಕಿ ಬೇರೆ, ಅದು ಕೂತ ಸ್ಥಾನದಿಂದ ಅದಕ್ಕೆ ಬರುವ ಬೆಲೆ ಬೇರೆ. ಶಾಲೆಯ ಗೇಟು ಹತ್ತದ ಎಷ್ಟೋ ಮಂದಿಗೆ ಇದು ಕೈಗತವಾಗಿದೆ. ಆದರೆ ಎಸ್ಸೆಸ್ಸೆಲ್ಸಿಗೆ ಓದುವ ಮಕ್ಕಳು ‘ಎರಡಂಕಿಯ ಸಂಖ್ಯೆಯೊಂದರ ಅಂಕಿಗಳ ಮೊತ್ತ 12’ ಎಂದು ಶುರುವಾಗುವ ಲೆಕ್ಕ ಕಂಡರೆ ಅದನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಕಷ್ಟ ಇರುವುದು ಬೀಜಗಣಿತದಲ್ಲಲ್ಲ, ಅಂಕಿಗೂ ಸಂಖ್ಯೆಗೂ ಇರುವ ಈ ವ್ಯತ್ಯಾಸವನ್ನು ಕಾಗದದ ಮೇಲೆ ಬರೆಯುವುದರಲ್ಲಿ. ಬರೆಯಲು ಬಂದರೆ ಉಳಿದದ್ದು ನಾಲ್ಕು ಸಾಲಿನ ಕೆಲಸ.

ಶಾಲೆಯಲ್ಲಿ ಎಕ್ಸ್, ವೈ ಎಂದು ಬಳಸುತ್ತಾರೆ. ಇಲ್ಲಿ ಹತ್ತರ ಸ್ಥಾನದ ಅಂಕಿಗೆ ‘ಹ’, ಬಿಡಿಸ್ಥಾನದ ಅಂಕಿಗೆ ‘ಬ’ ಎಂದಿಟ್ಟುಕೊಳ್ಳೋಣ. ಯಾವ ಅಕ್ಷರ ಯಾವ ಮನೆಯದು ಎಂಬುದನ್ನು ಅಕ್ಷರವೇ ನೆನಪಿಸುತ್ತದೆ. ಪರೀಕ್ಷೆಯಲ್ಲಿ ಎಕ್ಸ್, ವೈ ಎಂದೇ ಬರೆಯಿರಿ, ತೊಂದರೆಯಿಲ್ಲ. ಆದರೆ ‘ಹತ್ತರ ಸ್ಥಾನದ ಅಂಕಿ ಎಕ್ಸ್ ಆಗಿರಲಿ’ ಎಂಬ ಸಾಲನ್ನು ಮಾತ್ರ ಬಿಡಬೇಡಿ. ಹಂತಕ್ಕೂ ಅಂಕ ಕೊಡುವ ಪರೀಕ್ಷೆಯಲ್ಲಿ ಮೊದಲ ಅಂಕ ಬರುವುದೇ ಅಲ್ಲಿಂದ.

ಈಗ ಸಂಖ್ಯೆಯನ್ನು ಬರೆಯಬೇಕು. ಹೆಚ್ಚಿನ ಮಕ್ಕಳು ಇಲ್ಲೇ ಎಡವುತ್ತಾರೆ. 7 ಮತ್ತು 5 ಪಕ್ಕಪಕ್ಕ ಕೂತರೆ 75 ಆಗುತ್ತದೆ, ಹಾಗಾದರೆ ಹ ಮತ್ತು ಬ ಪಕ್ಕಪಕ್ಕ ಕೂತರೆ ಸಂಖ್ಯೆಯೇ ಆಗಬೇಕಲ್ಲ ಎಂದು ‘ಹಬ’ ಎಂದು ಬರೆದುಬಿಡುತ್ತಾರೆ. ಆದರೆ ಬೀಜಗಣಿತದಲ್ಲಿ ಪಕ್ಕಪಕ್ಕ ಬರೆದ ಅಕ್ಷರಗಳೆಂದರೆ ಗುಣಾಕಾರ. ಹ = 7, ಬ = 5 ಆದರೆ ‘ಹಬ’ 35 ಆಗುತ್ತದೆಯೇ ಹೊರತು 75 ಅಲ್ಲ. ಇನ್ನು ಕೆಲವರು ಹ + ಬ ಎಂದು ಬರೆಯುತ್ತಾರೆ. ಅದು 12, ಬರೀ ಅಂಕಿಗಳ ಮೊತ್ತ. ನಮಗೆ ಬೇಕಾದ 75 ಹುಟ್ಟುವುದು ಏಳು ಹತ್ತು ಮತ್ತು ಐದು ಬಿಡಿಯಿಂದ: 10 × 7 + 5. ಆದ್ದರಿಂದ ಸಂಖ್ಯೆ ಯಾವತ್ತಿಗೂ 10ಹ + ಬ. ಅಂಕಿಗಳನ್ನು ಅದಲುಬದಲು ಮಾಡಿದರೆ ಬ ಹತ್ತರ ಮನೆಗೆ ಹೋಗುತ್ತದೆ, ಹ ಬಿಡಿಗೆ ಬರುತ್ತದೆ. ಆಗ ಅದು 10ಬ + ಹ. ಐದನೇ ತರಗತಿಗೂ ಮೊದಲೇ ವಿಸ್ತೃತ ರೂಪ ಎಂದು ಕಲಿತದ್ದು ಇದನ್ನೇ. ಅಂದು ಅದು ಯಾಕೆಂದು ಯಾರೂ ಹೇಳಿರಲಿಲ್ಲ, ಅಷ್ಟೆ.

ಒಂದು ಲೆಕ್ಕವನ್ನು ಜಾತ್ರೆಯಿಂದಲೇ ತೆಗೆದುಕೊಳ್ಳೋಣ. ಒಂದು ಜೋಡಿ ಎತ್ತಿನ ಬೆಲೆ ಸಾವಿರದ ಲೆಕ್ಕದಲ್ಲಿ ಎರಡಂಕಿಯ ಸಂಖ್ಯೆ. ಆ ಅಂಕಿಗಳ ಮೊತ್ತ 12. ಕೊಳ್ಳುವವನು ಅಂಕಿಗಳನ್ನು ಅದಲುಬದಲಾಗಿ ಕೇಳಿಸಿಕೊಂಡು ಬಂದದ್ದರಿಂದ ಅವನು ತಂದ ಹಣ 18 ಸಾವಿರ ಕಡಿಮೆಯಾಯಿತು. ನಿಜವಾದ ಬೆಲೆ ಎಷ್ಟು?

ಮೊದಲ ಮಾತು: ಹ + ಬ = 12. ಎರಡನೆಯ ಮಾತು: ನಿಜ ಬೆಲೆಯಿಂದ ಅದಲುಬದಲಾದ ಬೆಲೆಯನ್ನು ಕಳೆದರೆ 18.

(10ಹ + ಬ) − (10ಬ + ಹ) = 18

ಆವರಣ ಬಿಡಿಸುವಾಗ ಎರಡನೆಯ ಆವರಣದ ಒಳಗಿನ ಎರಡೂ ಪದಗಳ ಚಿಹ್ನೆ ಬದಲಾಗಬೇಕು. ಆತುರದಲ್ಲಿ ಮೊದಲನೆಯದನ್ನು ಮಾತ್ರ ಬದಲಿಸಿದರೆ 11ಹ − 9ಬ ಎಂಬ ವಿಚಿತ್ರ ಸಾಲು ಬರುತ್ತದೆ. ಅಂಥದ್ದು ಕಂಡ ಕೂಡಲೇ ಹಿಂದಕ್ಕೆ ಹೋಗಿ ನೋಡಿ. ಸರಿಯಾಗಿ ಬಿಡಿಸಿದರೆ 9ಹ − 9ಬ = 18, ಅಂದರೆ ಹ − ಬ = 2. ಮೊದಲನೆಯದಕ್ಕೆ ಇದನ್ನು ಕೂಡಿಸಿದರೆ 2ಹ = 14. ಹ = 7, ಬ = 5. ಬೆಲೆ 75 ಸಾವಿರ. ತಾಳೆ ನೋಡಿ: 7 + 5 = 12, 75 − 57 = 18. ಎರಡೂ ಮಾತು ಕೂಡಿ ಬಂದವು.

ಇಲ್ಲಿ 9 ತಾನಾಗಿಯೇ ಬಂದದ್ದನ್ನು ಗಮನಿಸಿ. ಯಾವುದೇ ಎರಡಂಕಿಯ ಸಂಖ್ಯೆಯಿಂದ ಅದರ ತಿರುಗುಮುರುಗು ಸಂಖ್ಯೆಯನ್ನು ಕಳೆದರೂ ಉಳಿಯುವುದು 9(ಹ − ಬ). ಕೂಡಿಸಿದರೆ 11(ಹ + ಬ). ಈ ಎರಡು ಗೊತ್ತಿದ್ದರೆ ಅರ್ಧ ಲೆಕ್ಕ ಬಾಯಲ್ಲೇ ಆಗುತ್ತದೆ. ‘ಅದಲುಬದಲು ಮಾಡಿದರೆ 45 ಹೆಚ್ಚಾಗುತ್ತದೆ’ ಎಂದು ಓದಿದೊಡನೆ ಬಿಡಿಯ ಅಂಕಿ ಹತ್ತರ ಅಂಕಿಗಿಂತ 5 ದೊಡ್ಡದು ಎಂದು ತಿಳಿಯಬೇಕು. ‘ಎರಡನ್ನೂ ಕೂಡಿಸಿದರೆ 132’ ಎಂದರೆ ಅಂಕಿಗಳ ಮೊತ್ತ 12. ಉತ್ತರಪತ್ರಿಕೆಯಲ್ಲಿ ಮಾತ್ರ ಹಂತಗಳನ್ನು ಪೂರ್ತಿ ಬರೆಯಬೇಕು. ಬಾಯಿಲೆಕ್ಕ ನಮ್ಮ ಕಾವಲಿಗೆ.

ಈ ಕಾವಲು ಮೇಷ್ಟ್ರುಗಳಿಗೂ ಬೇಕು. ಅದಲುಬದಲು ಮಾಡಿದರೆ ವ್ಯತ್ಯಾಸ 20 ಎಂದು ಯಾರಾದರೂ ಲೆಕ್ಕ ಕೊಟ್ಟರೆ ಅದಕ್ಕೆ ಉತ್ತರವೇ ಇಲ್ಲ, ಏಕೆಂದರೆ 20ನ್ನು 9 ಭಾಗಿಸುವುದಿಲ್ಲ. ಮೊತ್ತ 100 ಎಂದರೂ ಹಾಗೆಯೇ, 11 ಅದನ್ನು ಭಾಗಿಸದು. ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಕೊಡುವ ತಂದೆತಾಯಿ ಮೊದಲು ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದರಿಂದ ಹಿಂದಕ್ಕೆ ಪ್ರಶ್ನೆ ಕಟ್ಟಿದರೆ ಈ ತೊಂದರೆ ಬರುವುದಿಲ್ಲ.

ಇನ್ನು ಪ್ರಶ್ನೆಯ ಕನ್ನಡವನ್ನು ಸಮೀಕರಣಕ್ಕೆ ಇಳಿಸುವ ಮಾತು. ನನ್ನ ಅನುಭವದಲ್ಲಿ ಮಕ್ಕಳಿಗೆ ಅತಿ ಹೆಚ್ಚು ಸಹಾಯ ಬೇಕಾಗುವುದು ‘ಗಿಂತ’ ಬಂದ ಕಡೆ. ‘ಅದಲುಬದಲು ಮಾಡಿದ ಸಂಖ್ಯೆಯು ಮೂಲ ಸಂಖ್ಯೆಗಿಂತ 18 ಹೆಚ್ಚು’ ಎಂದಿದ್ದರೆ 18ನ್ನು ಯಾವ ಕಡೆಗೆ ಸೇರಿಸಬೇಕು? ‘ಗಿಂತ’ ಯಾವುದಕ್ಕೆ ಅಂಟಿಕೊಂಡಿದೆಯೋ ಅದರ ಪಕ್ಕ 18 ಬರೆಯಿರಿ: 10ಬ + ಹ = (10ಹ + ಬ) + 18. ‘ಕಡಿಮೆ’ ಎಂದಿದ್ದರೆ ಅದೇ ಜಾಗದಲ್ಲಿ − 18. ಹೆಚ್ಚು ಇರುವ ಕಡೆಗೇ ಕೂಡಿಸುವ ತಪ್ಪು ಇದರಿಂದ ನಿಲ್ಲುತ್ತದೆ. ‘ಹತ್ತರ ಸ್ಥಾನದ ಅಂಕಿಯು ಬಿಡಿಸ್ಥಾನದ ಅಂಕಿಯ ಎರಡರಷ್ಟಕ್ಕಿಂತ 1 ಹೆಚ್ಚು’ ಎಂದಾಗಲೂ ಇದೇ ಸೂತ್ರ: ಹ = 2ಬ + 1. ಉದ್ದ ವಾಕ್ಯ ಬಂದರೆ ಪೂರ್ಣ ಓದಿ ಗಾಬರಿಯಾಗುವ ಬದಲು, ಅಲ್ಪವಿರಾಮ ಬಂದ ಕಡೆ, ‘ಮತ್ತು’ ಬಂದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪ್ರತಿ ತುಂಡಿಗೂ ಒಂದು ಸಮೀಕರಣ. ಎರಡು ಅಜ್ಞಾತ ಅಂಕಿಗಳಿಗೆ ಎರಡು ಸಮೀಕರಣ ಸಿಕ್ಕಿತೆಂದರೆ ಓದುವ ಕೆಲಸ ಮುಗಿಯಿತು.

ಎರಡನೆಯ ಸಮೀಕರಣ ಏಕೆ ಬೇಕೇಬೇಕು ಎಂಬುದಕ್ಕೆ ಇದನ್ನು ನೋಡಿ. ಒಂದು ಸಂಖ್ಯೆ ತನ್ನ ಅಂಕಿಗಳ ಮೊತ್ತದ ನಾಲ್ಕರಷ್ಟಿದೆ. 10ಹ + ಬ = 4(ಹ + ಬ). ಬಿಡಿಸಿದರೆ 6ಹ = 3ಬ, ಅಂದರೆ ಬ = 2ಹ. ಇಷ್ಟಕ್ಕೇ ನಿಂತರೆ 12, 24, 36, 48 ನಾಲ್ಕೂ ಉತ್ತರಗಳೇ. ‘ಅದಕ್ಕೆ 27 ಕೂಡಿಸಿದರೆ ಅಂಕಿಗಳು ಅದಲುಬದಲಾಗುತ್ತವೆ’ ಎಂಬ ಎರಡನೆಯ ಮಾತು ಬಂದಾಗ ಬ − ಹ = 3 ಆಗಿ, 36 ಒಂದೇ ಉಳಿಯುತ್ತದೆ. 36 = 4 × 9, ಮತ್ತು 36 + 27 = 63.

ಕೆಲವೊಮ್ಮೆ ಎರಡು ಮಾತು ಹೇಳಿದ ಮೇಲೂ ಎರಡು ಉತ್ತರ ಬರುತ್ತವೆ. ಒಂದು ಸಂಖ್ಯೆಯನ್ನೂ ಅದರ ಅದಲುಬದಲು ಸಂಖ್ಯೆಯನ್ನೂ ಕೂಡಿಸಿದರೆ 132, ಅಂಕಿಗಳ ವ್ಯತ್ಯಾಸ 4 ಎಂದುಕೊಳ್ಳಿ. ಮೊತ್ತ 12 ಎಂಬುದು ಖಚಿತ. ಆದರೆ ವ್ಯತ್ಯಾಸ ಎಂದಾಗ ಯಾವುದು ದೊಡ್ಡದು ಎಂದು ಹೇಳಿಲ್ಲ. ಹ − ಬ = 4 ಎಂದರೆ 84, ಬ − ಹ = 4 ಎಂದರೆ 48. ಎರಡನ್ನೂ ಬರೆಯಬೇಕು. ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲೂ ಇಂಥ ಲೆಕ್ಕವಿದೆ. ಒಂದೇ ಉತ್ತರ ಬರೆದು ಬಿಡುವ ಮಕ್ಕಳು ಅಲ್ಲಿ ಅರ್ಧ ಅಂಕ ಕಳೆದುಕೊಳ್ಳುವುದು ನೋಡಿದರೆ ಬೇಸರವಾಗುತ್ತದೆ, ಲೆಕ್ಕ ಪೂರ್ತಿ ಗೊತ್ತಿದ್ದೂ ಹೋದ ಅಂಕ ಅದು.

ಸೊನ್ನೆಯ ವಿಷಯಕ್ಕೆ ಮುಡುಕುತೊರೆಯವರಿಗೆ ಗೊತ್ತಿರುವ ಇಸವಿಗಳೇ ಸಾಕು. ತಲಕಾಡಿನ ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಈ ಐದರ ಪಂಚಲಿಂಗ ದರ್ಶನ 2009, 2013 ಮತ್ತು 2020ರಲ್ಲಿ ನಡೆಯಿತು. ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ತೆಗೆದುಕೊಳ್ಳಿ. 13 ತಿರುಗಿದರೆ 31, ವ್ಯತ್ಯಾಸ 18. 20 ತಿರುಗಿದರೆ 02, ಅಂದರೆ ಬರೀ 2. ವ್ಯತ್ಯಾಸ ಮತ್ತೆ 18. ‘ಅಂಕಿಗಳ ಮೊತ್ತ 2, ಅದಲುಬದಲು ಮಾಡಿದರೆ 18 ಕಡಿಮೆ’ ಎಂದು ಕೇಳಿದರೆ ಹ + ಬ = 2, ಹ − ಬ = 2, ಆದ್ದರಿಂದ ಹ = 2, ಬ = 0. ಬಿಡಿಸ್ಥಾನದಲ್ಲಿ ಸೊನ್ನೆ ಬಂದಿತೆಂದು ಗಾಬರಿಯಾಗಬೇಕಿಲ್ಲ. 10 × 2 + 0, ಸರಿಯಾಗಿಯೇ ಇದೆ. ಆದರೆ 2009ರ 09 ಎರಡಂಕಿಯ ಸಂಖ್ಯೆಯಲ್ಲ. ಹತ್ತರ ಸ್ಥಾನದಲ್ಲಿ ಸೊನ್ನೆ ಇದ್ದರೆ ಅದು ಬರೀ 9. ಹೀಗಾಗಿ ಹ ಎಂದರೆ 1ರಿಂದ 9ರವರೆಗೆ, ಬ ಎಂದರೆ 0ಯಿಂದ 9ರವರೆಗೆ. ಉತ್ತರದಲ್ಲಿ 11 ಎಂದೋ, ಎರಡೂವರೆ ಎಂದೋ, ಋಣ ಸಂಖ್ಯೆ ಎಂದೋ ಅಂಕಿ ಬಂದರೆ ಎಲ್ಲೋ ತಪ್ಪಿದೆ.

ಋಣ ಸಂಖ್ಯೆ ಬಂದರೂ ತಪ್ಪಾಗದ ಒಂದು ಸಂದರ್ಭವಿದೆ, ವರ್ಗಸಮೀಕರಣ. ಅಂಕಿಗಳ ಗುಣಲಬ್ಧ 24, ಸಂಖ್ಯೆಯಿಂದ 45 ಕಳೆದರೆ ಅಂಕಿಗಳು ಅದಲುಬದಲು. 45 ಕಂಡ ಕೂಡಲೇ ಹ − ಬ = 5, ಅಂದರೆ ಬ = ಹ − 5. ಇದನ್ನು ಹ × ಬ = 24ರಲ್ಲಿ ಆದೇಶಿಸಿದರೆ

ಹ² − 5ಹ − 24 = 0
(ಹ − 8)(ಹ + 3) = 0

ಹ = 8 ಅಥವಾ ಹ = −3. ಅಂಕಿ ಋಣ ಸಂಖ್ಯೆಯಾಗದು ಎಂದು ಒಂದು ಸಾಲು ಬರೆದು −3 ಬಿಡಬೇಕು. ಹ = 8, ಬ = 3, ಸಂಖ್ಯೆ 83. 83 − 45 = 38. ಆ ಒಂದು ಸಾಲಿನ ಕಾರಣ ಬರೆಯದೆ ಸುಮ್ಮನೆ 8 ಎಂದು ಆರಿಸಿದರೆ ಮೌಲ್ಯಮಾಪಕರಿಗೆ ನೀವು ಯೋಚಿಸಿದಿರೋ ಊಹಿಸಿದಿರೋ ತಿಳಿಯುವುದಿಲ್ಲ.

ಮೂರಂಕಿಗೆ ಬಂದರೆ ನೂರರ ಮನೆಗೆ ‘ನ’ ಸೇರುತ್ತದೆ: 100ನ + 10ಹ + ಬ. ತಿರುಗಿಸಿದರೆ 100ಬ + 10ಹ + ನ. ಕಳೆದಾಗ ನಡುವಿನ ಹ ಹೊರಟೇಹೋಗುತ್ತದೆ, ಉಳಿಯುವುದು 99(ನ − ಬ). ನಂಜನಗೂಡಿನ ಪಿನ್‌ಕೋಡ್ 571301ರ ಕೊನೆಯ ಮೂರು ಅಂಕಿ 301. ತಿರುಗಿದರೆ 103, ವ್ಯತ್ಯಾಸ 198, ಅಂದರೆ 99 × 2. ತಿ. ನರಸೀಪುರದ 571124ರ ಕೊನೆಯ ಮೂರು 124. ತಿರುಗಿದರೆ 421, ವ್ಯತ್ಯಾಸ 297, ಅಂದರೆ 99 × 3. ನಡುವೆ ಸೊನ್ನೆ ಇರಲಿ, ಎರಡಿರಲಿ, ಲೆಕ್ಕಕ್ಕಿಲ್ಲ.

ಇದನ್ನು ಬಳಸಿ ಒಂದು ಲೆಕ್ಕ: ಮೂರಂಕಿಯ ಸಂಖ್ಯೆಯಲ್ಲಿ ನಡುವಿನ ಅಂಕಿ ಎರಡು ಬದಿಯ ಅಂಕಿಗಳ ಮೊತ್ತಕ್ಕೆ ಸಮ, ಮೂರೂ ಅಂಕಿಗಳ ಮೊತ್ತ 14, ತಿರುಗಿಸಿದ ಸಂಖ್ಯೆ ಮೂಲ ಸಂಖ್ಯೆಗಿಂತ 297 ಹೆಚ್ಚು. ಹ = ನ + ಬ ಆದ್ದರಿಂದ ಮೊತ್ತ 2ಹ = 14, ಹ = 7. ನ + ಬ = 7. 297ನ್ನು 99ರಿಂದ ಭಾಗಿಸಿದರೆ ಬ − ನ = 3. ಬ = 5, ನ = 2. ಸಂಖ್ಯೆ 275. ಮೂರು ಅಜ್ಞಾತವಿದ್ದರೂ ಬೆವರಬೇಕಾಗಲಿಲ್ಲ, ಏಕೆಂದರೆ ಸುಲಭದ ಮಾತನ್ನು ಮೊದಲು ಬಳಸಿಕೊಂಡೆವು. ಪ್ರಶ್ನೆ ಹೇಳಿದ ಕ್ರಮದಲ್ಲೇ ಬಿಡಿಸಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ.

ಅದೇ 2, 7, 5 ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ: 752 − 257 = 495. ಮತ್ತೆ ಹಾಗೆಯೇ ಮಾಡಿ: 954 − 459 = 495. ಅದು ಅಲ್ಲೇ ನಿಂತುಬಿಡುತ್ತದೆ. ಮೂರೂ ಅಂಕಿ ಒಂದೇ ಆಗಿರದ ಯಾವ ಮೂರಂಕಿಯಿಂದ ಹೊರಟರೂ ಕೊನೆಗೆ ತಲುಪುವುದು 495ಕ್ಕೇ. 99ರಂತೆ ಒಂದೊಮ್ಮೆ ಎರಡೇ ಅಂಕಿ ಉಳಿದರೆ ಮುಂದೆ ಸೊನ್ನೆ ಇಟ್ಟು 099 ಎಂದು ಎಣಿಸಬೇಕು. ನಾಲ್ಕಂಕಿಯಾದರೆ ಆ ಸಂಖ್ಯೆ 6174. ಅದನ್ನು 1949ರಲ್ಲಿ ಕಂಡುಕೊಂಡವರು ನಾಸಿಕದ ಹತ್ತಿರದ ದೇವ್ಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಇಂದು ಜಗತ್ತಿನಾದ್ಯಂತ ಅದಕ್ಕೆ ಕಾಪ್ರೇಕರ್ ಸ್ಥಿರಾಂಕ ಎಂದೇ ಹೆಸರು. ಹಳ್ಳಿ ಶಾಲೆಯ ಮಗುವೂ ಒಂದು ಹಾಳೆಯಲ್ಲಿ ಇದನ್ನು ಮಾಡಿ ನೋಡಬಹುದು ಎಂಬುದೇ ನನಗೆ ಇದರಲ್ಲಿ ಅತಿ ಇಷ್ಟವಾದದ್ದು.

ಅಂಕಿಗಳ ಜೋಡಣೆಯಲ್ಲಿ ಸಂತೋಷ ಕಾಣುವುದು ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಓದುವ ಗುಣಲಬ್ಧಗಳಿವೆ. 139 × 109 = 15151. 27994681 × 441 = 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ 111111ರ ವರ್ಗ. 441 ಎಂಬುದು 21ರ ವರ್ಗ, ಇನ್ನೊಂದು 5291ರ ವರ್ಗ, 21 × 5291 = 111111. ಇಷ್ಟನ್ನು ಕಂಡುಹಿಡಿಯಲು ಸ್ಥಾನಬೆಲೆ ಬೆರಳ ತುದಿಯಲ್ಲಿರಬೇಕು. ಈ ಗ್ರಂಥ ಕನ್ನಡ ಅನುವಾದದೊಡನೆ 2000ದಲ್ಲಿ ಹೊಂಬುಜದ ಜೈನ ಮಠದಿಂದ ಪ್ರಕಟವಾಯಿತು, ಅನುವಾದಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ. ಹೊಯ್ಸಳರ ಕಾಲಕ್ಕೆ, 12ನೇ ಶತಮಾನದಲ್ಲಿ, ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡ ಮಾಧ್ಯಮದ ಮಗು ‘ನನಗೆ ಗಣಿತದ ಭಾಷೆ ಬರದು’ ಎಂದು ಕುಗ್ಗಬೇಕಾದ ಕಾರಣವೇ ಇಲ್ಲ. ಆ ಭಾಷೆ ಈ ನೆಲದಲ್ಲಿ ಎಂಟುನೂರು ವರ್ಷಗಳಿಂದ ಕನ್ನಡ ಮಾತಾಡಿದೆ.

ಕಲಿಸುವವರಿಗೆ ಒಂದು ಕೋರಿಕೆ. ಮೊದಲ ದಿನವೇ ಸಮೀಕರಣ ಹಾಕಿಸಬೇಡಿ. ಮಕ್ಕಳಿಗೆ ತಮಗೆ ಬೇಕಾದ ಎರಡಂಕಿಯ ಸಂಖ್ಯೆ ತೆಗೆದುಕೊಂಡು, ತಿರುಗಿಸಿ, ಕಳೆಯಲು ಹೇಳಿ. ಬಂದ ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ: 27, 54, 9, 63, 36. ‘ಎಲ್ಲಾ ಒಂಬತ್ತರ ಮಗ್ಗೀಲೇ ಬರ್ತಾವಲ್ಲ ಸಾರ್!’ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ‘ಯಾಕೆ?’ ಎಂದು ಅವರನ್ನೇ ಕೇಳಿ, ಆಮೇಲೆ 10ಹ + ಬ ಬರೆಯಿರಿ. ಆಗ ಅಕ್ಷರಗಳು ತಮ್ಮ ಪ್ರಶ್ನೆಗೆ ಉತ್ತರ ಕೊಡಲು ಬಂದವು ಎಂದು ಮಕ್ಕಳಿಗೆ ಅನಿಸುತ್ತದೆ.

ಬಿಡಿಸಿ ನೋಡಲು ಕೆಲವು. ವಿಷ್ಣುವರ್ಧನ ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ್ದು ಹನ್ನೆರಡನೆಯ ಶತಮಾನದಲ್ಲಿ. ಆ ಇಸವಿಯ ಮೊದಲ ಎರಡು ಅಂಕಿ 11. ಕೊನೆಯ ಎರಡರ ಮೊತ್ತ 8, ಅವನ್ನು ಅದಲುಬದಲು ಮಾಡಿದರೆ 54 ಹೆಚ್ಚು. ಇಸವಿ ಯಾವುದು? ಇನ್ನೊಂದು: ಒಂದು ಸಂಖ್ಯೆ ತನ್ನ ಅಂಕಿಗಳ ಮೊತ್ತದ ಏಳರಷ್ಟಿದೆ, 36 ಕಳೆದರೆ ಅಂಕಿಗಳು ಅದಲುಬದಲಾಗುತ್ತವೆ. ಮತ್ತೊಂದು: ಹತ್ತರ ಸ್ಥಾನದ ಅಂಕಿ ಬಿಡಿಸ್ಥಾನದ ಅಂಕಿಯ ಎರಡರಷ್ಟಕ್ಕಿಂತ 1 ಹೆಚ್ಚು, ಅಂಕಿಗಳ ಮೊತ್ತ 10. ಕೊನೆಯದು ಮೂರಂಕಿ: ನಡುವೆ ಸೊನ್ನೆ, ಅಂಕಿಗಳ ಮೊತ್ತ 9, ತಿರುಗಿಸಿದರೆ 495 ಕಡಿಮೆ.

ಉತ್ತರಗಳು ಕ್ರಮವಾಗಿ 1117, 84, 73 ಮತ್ತು 702. ನಿಮಗೆ ಬೇರೆ ಬಂದಿದ್ದರೆ, ಬಂದ ಸಂಖ್ಯೆಯನ್ನು ಪ್ರಶ್ನೆಯ ಒಂದೊಂದು ಮಾತಿಗೂ ಹಾಕಿ ತಾಳೆ ನೋಡಿ. ಯಾವ ಮಾತು ತಾಳೆಯಾಗಲಿಲ್ಲವೋ ಆ ಮಾತಿನ ಸಮೀಕರಣವನ್ನು ಮತ್ತೆ ಬರೆಯಿರಿ.